ಚಾಳೀಸು ಬಂದ ಕಣ್ಣು, ಚಾಚಿದ ಪಿಸ್ತೂಲು

ನಲವತ್ತೈದು ದಾಟಿದ ಪಿಸ್ತೂಲ್ ಶೂಟರ್‌ಗಳ ದೂರು ಹೆಚ್ಚುಕಡಿಮೆ ಒಂದೇ ಬಗೆಯದು. ಮೊದಮೊದಲ ಹೊಡೆತಗಳು ಸರಿಯಾಗಿಯೇ ಬೀಳುತ್ತವೆ. ಅರ್ಧ ಸ್ಪರ್ಧೆ ಮುಗಿಯುವ ಹೊತ್ತಿಗೆ ಪೆಲೆಟ್‌ಗಳು ಕಾರಣವೇ ತಿಳಿಯದಂತೆ ಚದುರತೊಡಗುತ್ತವೆ. ಹಿಡಿತ ಸಡಿಲವಾಯಿತೇನೋ ಎಂದು ಗ್ರಿಪ್ಪಿಗೆ ಪುಟ್ಟಿ ಮೆತ್ತಿಸುತ್ತಾರೆ, ಟ್ರಿಗರ್ ಬಿಗಿಯನ್ನು ಬದಲಿಸುತ್ತಾರೆ, ಬೆಳಗಿನ ಕಾಫಿಯನ್ನೂ ಬಿಟ್ಟು ನೋಡುತ್ತಾರೆ. ಎಲ್ಲವನ್ನೂ ಮುಟ್ಟಿ ನೋಡಿದ ಮೇಲೆ ಕಡೆಗೆ ಒಂದು ದಿನ ಕನ್ನಡಕ ಒರೆಸಿಕೊಳ್ಳುವಾಗ ಅನುಮಾನ ಹುಟ್ಟುತ್ತದೆ. ಕೈಕೊಟ್ಟದ್ದು ಕೈಯಲ್ಲ, ಕಣ್ಣು.

ಇಲ್ಲಿ ನಾನು ಮುಖ್ಯವಾಗಿ ಹೇಳಹೊರಟಿರುವುದು 10 ಮೀಟರ್ ಏರ್ ಪಿಸ್ತೂಲಿನ ಬಗ್ಗೆ. ನಮ್ಮಲ್ಲಿ ಹೆಚ್ಚಿನವರು ಪಿಸ್ತೂಲ್ ಕಲಿಯುವುದು ಅದರಿಂದಲೇ, ವಯಸ್ಸಾದ ಮೇಲೂ ಬಿಡದೆ ಹಿಡಿಯುವುದೂ ಅದನ್ನೇ. ಒಂದೇ ಕೈಯಲ್ಲಿ ಹಿಡಿದು, ತೋಳನ್ನು ಪೂರ್ತಿ ಚಾಚಿ, 75 ನಿಮಿಷದೊಳಗೆ 60 ಹೊಡೆತ ಹೊಡೆಯಬೇಕು. ದೂರದರ್ಶಕ, ಲೇಸರ್, ಕೆಂಪು ಚುಕ್ಕಿಯ ಸೈಟ್ ಯಾವುದಕ್ಕೂ ಅವಕಾಶವಿಲ್ಲ. ಪಿಸ್ತೂಲಿನ ಮೇಲೆ ಇರುವುದು ಎರಡೇ ಲೋಹದ ತುಂಡುಗಳು. ನಳಿಕೆಯ ತುದಿಯಲ್ಲಿ ನೆಟ್ಟಗೆ ನಿಂತ ಚೌಕನೆಯ ಕಡ್ಡಿ ಫ್ರಂಟ್ ಸೈಟ್. ಹಿಂಬದಿಯಲ್ಲಿ ಚೌಕನೆಯ ಕಚ್ಚು ಕೊರೆದ ಪಟ್ಟಿ ರಿಯರ್ ಸೈಟ್. ಕಚ್ಚಿನ ನಡುವೆ ಕಡ್ಡಿ ಕಾಣಬೇಕು, ಎರಡರ ತಲೆಯೂ ಒಂದೇ ಮಟ್ಟದಲ್ಲಿರಬೇಕು, ಕಡ್ಡಿಯ ಎಡಕ್ಕೂ ಬಲಕ್ಕೂ ಬೆಳಕಿನ ಗೆರೆ ಸಮನಾಗಿರಬೇಕು. ಈ ಜೋಡಣೆಯನ್ನು ಫಲಕದ ಕಪ್ಪು ವೃತ್ತದ ಕೆಳಗಿನ ಬಿಳಿಯಲ್ಲಿ ನಿಲ್ಲಿಸಿ ಟ್ರಿಗರ್ ಎಳೆಯಬೇಕು.

ತೊಡಕು ಇರುವುದು ದೂರಗಳಲ್ಲಿ. ಕಣ್ಣಿನಿಂದ ರಿಯರ್ ಸೈಟ್ ಸುಮಾರು 65 ಸೆಂಟಿಮೀಟರ್, ಫ್ರಂಟ್ ಸೈಟ್ ಹೆಚ್ಚುಕಡಿಮೆ ಒಂದು ಮೀಟರ್, ಫಲಕ 10 ಮೀಟರ್. ಮೂರೂ ಒಟ್ಟಿಗೆ ಸ್ಪಷ್ಟವಾಗಿ ಕಾಣುವುದು ಯಾವ ವಯಸ್ಸಿನ ಕಣ್ಣಿಗೂ ಸಾಧ್ಯವಿಲ್ಲ. ಇಪ್ಪತ್ತರ ಹುಡುಗಿಗೂ ಇಲ್ಲ. ಆದರೆ ಅವಳ ಕಣ್ಣು ಒಂದರಿಂದ ಇನ್ನೊಂದಕ್ಕೆ ಎಷ್ಟು ಚುರುಕಾಗಿ ಹಾರುತ್ತದೆಂದರೆ ಮೂರೂ ಸ್ಪಷ್ಟವಾಗಿವೆ ಎಂದೇ ಅವಳು ನಂಬಿರುತ್ತಾಳೆ. ಈ ನಂಬಿಕೆಯನ್ನು ನಲವತ್ತೈದನೆಯ ವಯಸ್ಸಿನವರೆಗೂ ಹೊತ್ತು ತಂದವರಿಗೇ ಆಮೇಲೆ ಕಷ್ಟ ಜಾಸ್ತಿ.

ಮಸೂರ ಏಕೆ ಗಟ್ಟಿಯಾಗುತ್ತದೆ

ಕಣ್ಣಿನೊಳಗಿನ ಮಸೂರ ಬದುಕಿರುವವರೆಗೂ ಬೆಳೆಯುತ್ತಲೇ ಇರುತ್ತದೆ. ಈರುಳ್ಳಿಯಂತೆ ಪದರದ ಮೇಲೆ ಪದರ ಸೇರುತ್ತದೆ, ಹಳೆಯ ಪದರಗಳು ನಡುವಿಗೆ ಒತ್ತಿಕೊಂಡು ಬಿಗಿಯಾಗುತ್ತವೆ. ಹತ್ತಿರದ್ದನ್ನು ನೋಡಬೇಕಾದಾಗ ಮಸೂರ ಉಬ್ಬಬೇಕು. ಬಿಗಿಯಾದ ಮಸೂರ ಉಬ್ಬುವುದಿಲ್ಲ. ಇದೇ ಚಾಳೀಸು, ಕಣ್ಣಿನ ವೈದ್ಯರ ಬಾಯಲ್ಲಿ ಪ್ರೆಸ್ಬಯೋಪಿಯಾ. ಇದು ರೋಗವಲ್ಲ. ಯೋಗದಿಂದಲೂ ಕ್ಯಾರೆಟ್‌ನಿಂದಲೂ ಹಿಂದಕ್ಕೆ ಹೋಗುವಂಥದ್ದೂ ಅಲ್ಲ.

ಮಸೂರದ ಈ ಹೊಂದಾಣಿಕೆಯ ಬಲವನ್ನು ಡಯಾಪ್ಟರ್ ಎಂಬ ಅಳತೆಯಲ್ಲಿ ಹೇಳುತ್ತಾರೆ. ಲೆಕ್ಕ ಸರಳ: ಒಂದನ್ನು ಮೀಟರ್ ಲೆಕ್ಕದ ದೂರದಿಂದ ಭಾಗಿಸಿದರಾಯಿತು. ಒಂದು ಮೀಟರ್ ದೂರದ ವಸ್ತುವಿಗೆ 1 ಡಯಾಪ್ಟರ್ ಬೇಕು, ಅರ್ಧ ಮೀಟರಿಗೆ 2, ಹತ್ತು ಮೀಟರಿಗೆ 0.1. ಇಪ್ಪತ್ತರ ವಯಸ್ಸಿನಲ್ಲಿ ಕಣ್ಣಿನ ಬಳಿ ಹತ್ತಕ್ಕೂ ಹೆಚ್ಚು ಡಯಾಪ್ಟರ್ ಬಂಡವಾಳ ಇರುತ್ತದೆ. ನಲವತ್ತಕ್ಕೆ ಅದು ಐದಾರಕ್ಕೆ ಇಳಿಯುತ್ತದೆ, ಐವತ್ತಕ್ಕೆ ಎರಡೂವರೆ ಮೂರಕ್ಕೆ, ಅರವತ್ತಕ್ಕೆ ಹೆಚ್ಚುಕಡಿಮೆ ಸೊನ್ನೆಗೆ.

ಐವತ್ತರವರಿಗೆ ಎರಡೂವರೆ ಇದೆ, ಫ್ರಂಟ್ ಸೈಟಿಗೆ ಬೇಕಾದದ್ದು ಒಂದೇ, ಮತ್ತೇಕೆ ತಕರಾರು ಎಂದು ಕೇಳಬಹುದು. ಅಷ್ಟೂ ಬಲವನ್ನು ಕಣ್ಣು ಒಂದು ಕ್ಷಣ ತೋರಿಸಬಲ್ಲದು, ಒಂದೂಕಾಲು ಗಂಟೆ ತೋರಿಸಲಾರದು. ನೆಮ್ಮದಿಯಾಗಿ ಬಳಸಲು ಸಿಗುವುದು ಅದರಲ್ಲಿ ಸುಮಾರು ಅರ್ಧ. ಮೊದಲ ಹೊಡೆತಗಳು ಚೆನ್ನಾಗಿದ್ದು ಆಮೇಲೆ ಕೆಡುವುದರ ಗುಟ್ಟು ಇದೇ. ಅರವತ್ತರವರಿಗೆ ಈ ಗೊಂದಲವೂ ಇಲ್ಲ: ದೂರದ ಕನ್ನಡಕ ಹಾಕಿಕೊಂಡರೆ ಮೊದಲ ಹೊಡೆತದಿಂದಲೇ ಕಡ್ಡಿ ಮಸುಕು.

ಮಸುಕು ಯಾರಿಗೆ ಬಿಡಬೇಕು

ಎರಡರಲ್ಲಿ ಒಂದೇ ಸ್ಪಷ್ಟವಾಗುವುದಾದರೆ ಅದು ಫಲಕವಾಗಿರಲಿ ಎಂದು ಮನಸ್ಸು ಹಟ ಹಿಡಿಯುತ್ತದೆ. ಹೊಡೆಯಬೇಕಾದದ್ದು ಅದನ್ನು ತಾನೆ! ಪಿಸ್ತೂಲಿನ ಮಟ್ಟಿಗೆ ಇದು ತಪ್ಪು ಆಯ್ಕೆ ಎಂಬುದನ್ನು ಅಂಕಿಗಳಲ್ಲೇ ನೋಡಬಹುದು.

ಏರ್ ಪಿಸ್ತೂಲಿನ ಎರಡು ಸೈಟ್‌ಗಳ ನಡುವಿನ ಅಂತರ 33 ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. ಫಲಕ ಇರುವುದು ಅದರ 30 ಪಟ್ಟು ದೂರದಲ್ಲಿ. ಹಾಗಾಗಿ ಕಚ್ಚಿನೊಳಗೆ ಕಡ್ಡಿ ಒಂದು ಮಿಲಿಮೀಟರ್ ಪಕ್ಕಕ್ಕೆ ಸರಿದರೆ ಪೆಲೆಟ್ ಫಲಕದ ಮೇಲೆ 30 ಮಿಲಿಮೀಟರ್ ಸರಿಯುತ್ತದೆ. ಹತ್ತರ ವೃತ್ತದ ವ್ಯಾಸ 11.5 ಮಿಲಿಮೀಟರ್, ಅಲ್ಲಿಂದ ಹೊರಕ್ಕೆ ಪ್ರತಿ ಅಂಕಕ್ಕೂ 8 ಮಿಲಿಮೀಟರ್ ಅಂತರ. ಅಂದರೆ ಒಂದು ಮಿಲಿಮೀಟರಿನ ಜೋಡಣೆಯ ದೋಷ ಹತ್ತನ್ನು ಏಳಕ್ಕೆ ಇಳಿಸುತ್ತದೆ. ಕಡ್ಡಿ ಮತ್ತು ಕಚ್ಚು ಸರಿಯಾಗಿ ಜೋಡಣೆಯಾಗಿದ್ದು ಇಡೀ ತೋಳೇ ಐದು ಮಿಲಿಮೀಟರ್ ಪಕ್ಕಕ್ಕೆ ತೇಲಿತು ಎನ್ನಿ. ಆಗ ಪೆಲೆಟ್ ಸರಿಯುವುದೂ ಅದೇ ಐದು ಮಿಲಿಮೀಟರ್. ಪೆಲೆಟ್ಟಿನ ವ್ಯಾಸ 4.5 ಮಿಲಿಮೀಟರ್, ಅದರ ಅಂಚು ಹತ್ತರ ಗೆರೆಯನ್ನು ಮುಟ್ಟಿದರೂ ಹತ್ತೇ. ಹಾಗಾಗಿ ಐದು ಮಿಲಿಮೀಟರ್ ತೇಲಿದ ಕೈಗೂ ಹತ್ತು ಅಂಕ ಸಿಗುತ್ತದೆ.

ಕೈ ಅಲುಗುತ್ತದೆ ಎಂದು ಕೊರಗುವವರಿಗೆ ನಾನು ಈ ಲೆಕ್ಕವನ್ನೇ ಹೇಳುವುದು. ಅಲುಗುವ ಕೈಯನ್ನು ಫಲಕ ಕ್ಷಮಿಸುತ್ತದೆ, ಸರಿದ ಕಡ್ಡಿಯನ್ನು ಕ್ಷಮಿಸುವುದಿಲ್ಲ.

ಇನ್ನೊಂದು ಅನುಕೂಲವೂ ಇದೆ. ಫಲಕದ ಕಪ್ಪು ದುಂಡಗಿದೆ. ದುಂಡಗಿನದು ಎಷ್ಟೇ ಮಸುಕಾದರೂ ಎಲ್ಲ ಕಡೆಗೂ ಸಮನಾಗಿ ಮಸುಕಾಗುವುದರಿಂದ ಅದರ ನಡು ಎಲ್ಲಿದೆ ಎಂಬುದನ್ನು ಕಣ್ಣು ಸಲೀಸಾಗಿ ಗುರುತಿಸುತ್ತದೆ. ಆದರೆ ಎರಡು ಕಿರಿದಾದ ಬೆಳಕಿನ ಗೆರೆಗಳು ಸಮನಾಗಿವೆಯೇ ಎಂದು ಹೇಳಬೇಕಾದರೆ ಅಂಚುಗಳು ಚೂಪಾಗಿರಲೇಬೇಕು. ಆದ್ದರಿಂದ ಸ್ಪಷ್ಟತೆಯನ್ನು ಕಡ್ಡಿಗೆ ಕೊಡಿ, ಮಸುಕನ್ನು ಫಲಕಕ್ಕೆ ಬಿಡಿ. ಕೋಚ್‌ಗಳು ಮೊದಲ ದಿನದಿಂದ ಹೇಳುವ ಮಾತೇ ಇದು. ಚಾಳೀಸು ಬಂದವರಿಗೆ ವ್ಯತ್ಯಾಸವೇನೆಂದರೆ, ಅದನ್ನು ಸಂಕಲ್ಪದಿಂದ ಸಾಧಿಸಲು ಆಗುವುದಿಲ್ಲ, ಗಾಜಿನಿಂದ ಸಾಧಿಸಬೇಕು.

ಅರ್ಧ ಡಯಾಪ್ಟರಿನ ಕನ್ನಡಕ

ಫ್ರಂಟ್ ಸೈಟಿಗೆ 1 ಡಯಾಪ್ಟರ್ ಬೇಕೆಂದ ಮೇಲೆ ದೂರದ ನಂಬರಿಗೆ ಪ್ಲಸ್ ಒಂದು ಸೇರಿಸಿದರೆ ಮುಗಿಯಿತಲ್ಲ? ಕಡ್ಡಿ ಕೂದಲೆಳೆಯಷ್ಟು ಚೂಪಾಗಿ ಕಾಣುತ್ತದೆ, ನಿಜ. ಆದರೆ ಫಲಕ ಬೇಕಾದ್ದಕ್ಕಿಂತ ಹೆಚ್ಚು ಹರಡಿಕೊಳ್ಳುತ್ತದೆ. ಬಲ್ಲವರು ಸೇರಿಸುವುದು ಅದರ ಅರ್ಧವನ್ನು.

ಮಸುಕು ಎಷ್ಟು ಎಂದು ಲೆಕ್ಕ ಹಾಕುವ ಸೂತ್ರ ಪುಟ್ಟದು: ಪಾಪೆಯ ವ್ಯಾಸವನ್ನು ಡಯಾಪ್ಟರಿನ ದೋಷದಿಂದ ಗುಣಿಸಿ, ಮೀಟರ್ ಲೆಕ್ಕದ ದೂರದಿಂದಲೂ ಗುಣಿಸಿ. ಪಾಪೆ 4 ಮಿಲಿಮೀಟರ್ ತೆರೆದಿದೆ, ಕಣ್ಣಿನ ಹೊಂದಾಣಿಕೆ ಸೊನ್ನೆ ಎಂದುಕೊಳ್ಳಿ. ಬರೀ ದೂರದ ಕನ್ನಡಕ ಹಾಕಿದರೆ ಕಡ್ಡಿಯ ಅಂಚಿನಲ್ಲಿ 4 ಮಿಲಿಮೀಟರ್ ಮಸುಕು. ಕಡ್ಡಿಯ ಅಗಲವೇ ನಾಲ್ಕೈದು ಮಿಲಿಮೀಟರ್. ಎಂದರೆ ಕಡ್ಡಿ ಎಲ್ಲಿ ಮುಗಿದು ಬೆಳಕು ಎಲ್ಲಿ ಶುರುವಾಯಿತು ಎಂಬುದೇ ತಿಳಿಯದು. ಅರ್ಧ ಡಯಾಪ್ಟರ್ ಸೇರಿಸಿದ ಕೂಡಲೇ ಈ ಮಸುಕು 2 ಮಿಲಿಮೀಟರಿಗೆ ಇಳಿಯುತ್ತದೆ. ಫಲಕದ ಮೇಲೆ ಆಗ ಸುಮಾರು 16 ಮಿಲಿಮೀಟರಿನ ಮಸುಕು ಬರುತ್ತದೆ. ಕಪ್ಪು ವೃತ್ತದ ವ್ಯಾಸ 59.5 ಮಿಲಿಮೀಟರ್ ಇರುವುದರಿಂದ ಅದು ದುಂಡಗಿನ ಬೂದು ಅಂಚಿನ ಚುಕ್ಕೆಯಾಗಿ ಚೆನ್ನಾಗಿಯೇ ಉಳಿಯುತ್ತದೆ. ಪಾಪೆ 2 ಮಿಲಿಮೀಟರಿಗೆ ಕುಗ್ಗಿದರೆ ಈ ಎರಡು ಅಂಕಿಗಳೂ ಮತ್ತೆ ಅರ್ಧವಾಗುತ್ತವೆ. ಫೋಟೋಗ್ರಾಫರ್‌ಗಳಿಗೆ ಈ ಉಪಾಯ ಹಳೆಯದು: ಹತ್ತಿರದ ವಸ್ತುವಿನ ಎರಡರಷ್ಟು ದೂರಕ್ಕೆ ಫೋಕಸ್ ಇಟ್ಟರೆ ಆ ವಸ್ತುವಿನಿಂದ ದಿಗಂತದವರೆಗೂ ಒಪ್ಪುವಷ್ಟು ಸ್ಪಷ್ಟತೆ ಸಿಗುತ್ತದೆ.

ಮೆಡಿಕಲ್ ಅಂಗಡಿಯಲ್ಲಿ ಸಿಗುವ ಪ್ಲಸ್ ಎರಡರ ಓದುವ ಕನ್ನಡಕವನ್ನೇ ಹಾಕಿಕೊಂಡು ರೇಂಜಿಗೆ ಬರುವವರಿದ್ದಾರೆ. ಅದರ ಫೋಕಸ್ ಇರುವುದು ಅರ್ಧ ಮೀಟರಿನಲ್ಲಿ. ಫ್ರಂಟ್ ಸೈಟ್ ಅಲ್ಲಿಂದ ಒಂದು ಡಯಾಪ್ಟರ್ ಆಚೆಗೆ ಉಳಿಯುತ್ತದೆ, ಅಂದರೆ ಕನ್ನಡಕವೇ ಇಲ್ಲದಿದ್ದಾಗ ಎಷ್ಟು ಮಸುಕೋ ಈಗಲೂ ಅಷ್ಟೇ. ಫಲಕದ ಮೇಲಿನ ಮಸುಕು ಮಾತ್ರ ಕಪ್ಪು ವೃತ್ತಕ್ಕಿಂತ ಅಗಲವಾಗುತ್ತದೆ. ದುಡ್ಡು ಕೊಟ್ಟು ಎರಡೂ ಕಡೆ ಕಳೆದುಕೊಂಡಂತೆ.

ಎರಡು ಕೈಯಲ್ಲಿ ಹಿಡಿದು ಹೊಡೆಯುವ ಪಿಸ್ತೂಲುಗಳಲ್ಲಿ ಫ್ರಂಟ್ ಸೈಟ್ ಇನ್ನೂ ಹತ್ತಿರ, ಸುಮಾರು 70 ಸೆಂಟಿಮೀಟರ್. ಅಲ್ಲಿಗೆ ಮುಕ್ಕಾಲು ಡಯಾಪ್ಟರ್ ಒಗ್ಗುತ್ತದೆ. ಕೈಲ್ ಮುಹೂರ್ತದಂದು ತೆಂಗಿನಕಾಯಿಗೆ ಗುರಿಯಿಡುವ ಕೊಡಗಿನ ಹಿರಿಯರ ಕೈಯಲ್ಲಿರುವುದು ಉದ್ದನೆಯ ಕೋವಿ. ತೆರೆದ ಸೈಟಿನ ಕೋವಿಯಾದರೆ ಅದರ ಮುಂದಿನ ಗುರಿಯೂ ಕಣ್ಣಿನಿಂದ ಸುಮಾರು ಒಂದು ಮೀಟರಿನಲ್ಲೇ ಇರುವುದರಿಂದ ಅವರಿಗೂ ಈ ಅರ್ಧ ಡಯಾಪ್ಟರಿನ ಲೆಕ್ಕವೇ ನಡೆಯುತ್ತದೆ.

ಕನ್ನಡಕದ ಅಂಗಡಿಯಲ್ಲಿ

ಇಷ್ಟೆಲ್ಲ ತಿಳಿದುಕೊಂಡು ಹೋದರೂ ಅಂಗಡಿಯಲ್ಲಿ ಕೇಳುವ ಪ್ರಶ್ನೆ ಒಂದೇ: ದೂರದ್ದೋ, ಹತ್ತಿರದ್ದೋ, ಪ್ರೊಗ್ರೆಸಿವ್ವೋ? ಈ ಮೂರೂ ಅಲ್ಲ ಎಂದು ಹೇಳಲು ತಯಾರಾಗಿ ಹೋಗಬೇಕು.

ಹೋಗುವ ಮುನ್ನ ಮನೆಯಲ್ಲೋ ರೇಂಜಿನಲ್ಲೋ ಖಾಲಿ ಪಿಸ್ತೂಲನ್ನು ಹಿಡಿದು ನಿಮ್ಮ ಮಾಮೂಲು ನಿಲುವಿನಲ್ಲಿ ನಿಲ್ಲಿ. ಇನ್ನೊಬ್ಬರಿಂದ ಟೇಪು ಹಿಡಿಸಿ ಕಣ್ಣಿನ ಹೊರ ಅಂಚಿನಿಂದ ಫ್ರಂಟ್ ಸೈಟಿನವರೆಗೆ ಅಳತೆ ತೆಗೆಸಿಕೊಳ್ಳಿ. ಪಿಸ್ತೂಲನ್ನು ಅಂಗಡಿಗೆ ಒಯ್ಯುವುದು ಬೇಡ, ಅದು ಏರ್ ಪಿಸ್ತೂಲಾದರೂ ಅಕ್ಕಪಕ್ಕದವರು ಗಾಬರಿಯಾಗುತ್ತಾರೆ. ಅದರ ಬದಲು ಒಂದು ಮರದ ಪಟ್ಟಿಯ ತುದಿಗೆ ಕಪ್ಪು ರಟ್ಟಿನಿಂದ ಕಡ್ಡಿಯ ಅಗಲಕ್ಕೆ ಕತ್ತರಿಸಿದ ತುಂಡನ್ನು ನೆಟ್ಟಗೆ ಅಂಟಿಸಿ. ಚಾಚಿದ ಕೈಯಲ್ಲಿ ಹಿಡಿದಾಗ ಆ ತುಂಡು ಕಣ್ಣಿನಿಂದ ನೀವು ಅಳೆದ ದೂರದಲ್ಲೇ ಇರಬೇಕು.

ಮೊದಲು ಗುರಿಯಿಡುವ ಕಣ್ಣೊಂದಕ್ಕೇ ದೂರದ ನಂಬರನ್ನು ಸರಿಯಾಗಿ ನೋಡಿಸಿ. ಸಿಲಿಂಡರ್ ನಂಬರ್, ಅಂದರೆ ಕಣ್ಣಿನ ಉಬ್ಬು ಎಲ್ಲ ದಿಕ್ಕಿಗೂ ಸಮನಾಗಿಲ್ಲದ್ದನ್ನು ಸರಿಪಡಿಸುವ ನಂಬರ್, ಕಾಲೇ ಇದ್ದರೂ ಬಿಡಬೇಡಿ. ನಿತ್ಯದ ಕನ್ನಡಕದಲ್ಲಿ ಅಷ್ಟು ಚಿಕ್ಕ ಸಿಲಿಂಡರನ್ನು ಕೆಲವರು ಕೈಬಿಡುತ್ತಾರೆ, ಆದರೆ ಕಡ್ಡಿಯ ನೇರ ಅಂಚಿನಲ್ಲಿ ಅದು ನೆರಳಾಗಿ ಕಾಣಿಸಿಕೊಳ್ಳುತ್ತದೆ. ಆಮೇಲೆ ಟ್ರಯಲ್ ಫ್ರೇಮಿನಲ್ಲಿ ಪ್ಲಸ್ ಕಾಲು, ಅರ್ಧ, ಮುಕ್ಕಾಲು ಹೀಗೆ ಒಂದೊಂದಾಗಿ ಹಾಕಿಸಿ. ಎದುರು ಗೋಡೆಗೆ ಕಪ್ಪು ಬೊಟ್ಟೊಂದನ್ನು ಅಂಟಿಸಿ, ಪಟ್ಟಿಯನ್ನು ಚಾಚಿ ಹಿಡಿದು, ರಟ್ಟಿನ ತುಂಡಿನ ಮೇಲಂಚನ್ನು ದಿಟ್ಟಿಸಿ. ಅಂಚು ಚೂಪಾಗಿ ಕಾಣುವ ಅತಿ ಕಡಿಮೆ ಪ್ಲಸ್ ಯಾವುದೋ ಅದೇ ನಿಮ್ಮದು. ಅದಕ್ಕಿಂತ ಮೇಲೆ ಹೋದರೆ ಕಡ್ಡಿಗೆ ಲಾಭವಿಲ್ಲ, ಬೊಟ್ಟಿಗೆ ನಷ್ಟ. ಮೈನಸ್ 2 ಇರುವವರಿಗೆ ಅರ್ಧ ಸೇರಿದಾಗ ಮೈನಸ್ ಒಂದೂವರೆ ಆಗುತ್ತದೆ, ಪ್ಲಸ್ 1 ಇರುವವರಿಗೆ ಪ್ಲಸ್ ಒಂದೂವರೆ. ದೂರದ ನಂಬರೇ ಇಲ್ಲದವರಿಗೆ ಬರೀ ಪ್ಲಸ್ ಅರ್ಧದ ಗಾಜು. ಕಣ್ಣು ದಣಿದಿರುವ ಸಂಜೆಯಲ್ಲಿ ಈ ಪರೀಕ್ಷೆ ಮಾಡಿಸುವುದೇ ಮೇಲು. ಬೆಳಗಿನ ತಾಜಾ ಕಣ್ಣು ತನ್ನ ಶಕ್ತಿಯನ್ನು ಮೀರಿ ಜಂಬ ತೋರಿಸಬಹುದು.

ಪ್ರೊಗ್ರೆಸಿವ್ ಮತ್ತು ಬೈಫೋಕಲ್ ಕನ್ನಡಕಗಳು ಈ ಆಟಕ್ಕೆ ಆಗಿಬರುವುದಿಲ್ಲ. ಅವುಗಳಲ್ಲಿ ಹತ್ತಿರದ ನಂಬರ್ ಇರುವುದು ಗಾಜಿನ ಕೆಳಭಾಗದಲ್ಲಿ. ಫ್ರಂಟ್ ಸೈಟ್ ಸ್ಪಷ್ಟವಾಗಲೆಂದು ಶೂಟರ್ ತನಗೆ ತಿಳಿಯದಂತೆ ಗದ್ದ ಎತ್ತುತ್ತಾನೆ, ಕತ್ತು ಬಿಗಿಯುತ್ತದೆ, ಪ್ರತಿ ಹೊಡೆತಕ್ಕೂ ತಲೆ ಒಂದೊಂದು ಕೋನದಲ್ಲಿ ನಿಲ್ಲುತ್ತದೆ. ತಲೆ ಸರಿದಂತೆಲ್ಲ ನಂಬರೂ ಬದಲಾಗುತ್ತದೆ. ಒಂದೇ ನಂಬರಿನ ಗಾಜು ಎಷ್ಟೋ ಅಗ್ಗ, ಎಷ್ಟೋ ನಂಬಿಗಸ್ತ.

ಮೈನಸ್ ನಾಲ್ಕೈದರಂಥ ದೊಡ್ಡ ನಂಬರ್ ಇರುವವರಿಗೆ ಮಾತ್ರ ಇನ್ನೊಂದು ಸಂಗತಿ ಮುಖ್ಯವಾಗುತ್ತದೆ. ಏರ್ ಪಿಸ್ತೂಲಿನಲ್ಲಿ ಪಕ್ಕಕ್ಕೆ ತಿರುಗಿ ನಿಂತು ತಲೆಯನ್ನು ತೋಳಿನ ಕಡೆಗೆ ಹೊರಳಿಸುತ್ತೇವೆ. ನೋಟ ಗಾಜಿನ ನಡುವಿನ ಬದಲು ಪಕ್ಕದ ಅಂಚಿನಿಂದ ಹಾಯುತ್ತದೆ, ಅಲ್ಲಿ ಬಿಂಬ ಸೊಟ್ಟಗಾಗುತ್ತದೆ. ಶೂಟಿಂಗಿಗೆಂದೇ ಮಾಡಿದ ಚೌಕಟ್ಟುಗಳಲ್ಲಿ ಒಂದೇ ದುಂಡು ಗಾಜನ್ನು ಪುಟ್ಟ ತೋಳಿನ ಮೇಲೆ ಕೂರಿಸಿ, ಬೇಕಾದ ಕಡೆಗೆ ಸರಿಸಿ, ನೋಟಕ್ಕೆ ನೇರವಾಗಿ ತಿರುಗಿಸಬಹುದು. ಜರ್ಮನಿಯ ಕ್ನೊಬ್ಲೊಖ್, ಸ್ವಿಟ್ಜರ್‌ಲೆಂಡಿನ ಚಾಂಪಿಯನ್ ಇಂಥವು. ಬೆಲೆ ಕೈ ಕಚ್ಚುತ್ತದೆ. ಚಿಕ್ಕ ನಂಬರಿನವರು ಮಾಮೂಲು ಚೌಕಟ್ಟಿನಲ್ಲೇ ವರ್ಷಗಟ್ಟಲೆ ನಿಭಾಯಿಸಬಹುದು.

ಮಾಮೂಲು ಚೌಕಟ್ಟೆಂದ ಕೂಡಲೇ ನೆನಪಾಗುವವರು ಟರ್ಕಿಯ ಯೂಸುಫ್ ದಿಕೆಚ್. 2024ರ ಪ್ಯಾರಿಸ್ ಒಲಿಂಪಿಕ್ಸ್‌ನ ಏರ್ ಪಿಸ್ತೂಲ್ ಮಿಶ್ರ ತಂಡ ಸ್ಪರ್ಧೆಯಲ್ಲಿ ಅವರು ಶೆವ್ವಾಲ್ ಇಲೈದಾ ತರ್ಹಾನ್ ಜೊತೆ ಬೆಳ್ಳಿ ಗೆದ್ದಾಗ ಅವರಿಗೆ 51 ವರ್ಷ. ನಮ್ಮ ಮನು ಭಾಕರ್ ಮತ್ತು ಸರಬ್‌ಜೋತ್ ಸಿಂಗ್ ಕಂಚು ಗೆದ್ದದ್ದೂ ಅದೇ ಸ್ಪರ್ಧೆಯಲ್ಲಿ. ದಿನಾ ಹಾಕುವಂಥ ಕನ್ನಡಕ, ಜೇಬಿನಲ್ಲಿ ಒಂದು ಕೈ, ಎರಡೂ ಕಣ್ಣು ತೆರೆದ ಅವರ ಚಿತ್ರ ಜಗತ್ತನ್ನೆಲ್ಲ ಸುತ್ತಿತು. ಉಪಕರಣವೇ ಬೇಡ ಎಂಬ ತೀರ್ಮಾನಕ್ಕೆ ಬಂದವರೂ ಇದ್ದಾರೆ. ಅವರು ದಿಕೆಚ್ ಹಿಂದಿನ ದಶಕಗಳ ಅಭ್ಯಾಸವನ್ನು ಲೆಕ್ಕಕ್ಕೆ ಹಿಡಿದಂತಿಲ್ಲ.

ಮುಚ್ಚಬೇಕಾದ ಕಣ್ಣು, ಕಿರಿದಾಗಬೇಕಾದ ರಂಧ್ರ

ಎರಡೂ ಕಣ್ಣು ತೆರೆದಿಡುವುದರಲ್ಲಿ ಮಾತ್ರ ದಿಕೆಚ್ ಎಲ್ಲರಿಗೂ ಮಾದರಿಯೇ. ಒಂದು ಕಣ್ಣನ್ನು ಬಿಗಿಯಾಗಿ ಮುಚ್ಚಿದರೆ ಆ ಬದಿಯ ಮುಖದ ಸ್ನಾಯುಗಳು ದಣಿಯುತ್ತವೆ, ಅದರ ಜೊತೆಗೆ ತೆರೆದ ಕಣ್ಣಿನ ಪಾಪೆಯೂ ಅಗಲವಾಗುತ್ತದೆ. ಎರಡೂ ಕಣ್ಣುಗಳ ಪಾಪೆಗಳು ಒಟ್ಟಾಗಿಯೇ ಹಿಗ್ಗಿ ಕುಗ್ಗುವುದು ದೇಹದ ಏರ್ಪಾಡು. ಒಂದಕ್ಕೆ ಕತ್ತಲೆ ಮಾಡಿದರೆ ಇನ್ನೊಂದೂ ಹಿಗ್ಗುತ್ತದೆ. ಪಾಪೆ ಹಿಗ್ಗಿದಷ್ಟೂ ಮಸುಕು ಹೆಚ್ಚುತ್ತದೆ ಎಂಬುದನ್ನು ಮೇಲಿನ ಸೂತ್ರದಲ್ಲಿ ನೋಡಿದೆವು. ಆದ್ದರಿಂದ ಆ ಕಣ್ಣಿನ ಮುಂದೆ ಬೆಳಕು ಬಿಡುವ, ಆಕಾರ ಕಾಣಿಸದ ಬಿಳಿ ಪ್ಲಾಸ್ಟಿಕ್ ತುಂಡೊಂದನ್ನು ಇಳಿಬಿಡುವುದು ಜಾಣತನ. ನಿಯಮದ ಪ್ರಕಾರ ಅದರ ಅಗಲ 30 ಮಿಲಿಮೀಟರ್ ಮೀರಬಾರದು. ಕಪ್ಪು ಪಟ್ಟಿ ಬೇಡ, ಬಿಳಿಯೇ ಇರಲಿ.

ಇನ್ನು ಐರಿಸ್, ಅಂದರೆ ಕನ್ನಡಕದ ಗಾಜಿನ ಮೇಲೆ ಕೂರಿಸುವ, ಹಿಗ್ಗಿಸಿ ಕುಗ್ಗಿಸಬಹುದಾದ ರಂಧ್ರ. ಅಂಗೈ ಮುಷ್ಟಿ ಮಾಡಿ, ಬೆರಳುಗಳ ನಡುವೆ ಸಾಸಿವೆಗಾತ್ರದ ತೂತು ಬಿಟ್ಟು ಅದರ ಮೂಲಕ ದಿನಪತ್ರಿಕೆ ನೋಡಿ. ಕನ್ನಡಕವಿಲ್ಲದೆಯೂ ಅಕ್ಷರ ಮೂಡುತ್ತದೆ. ಕಿರಿದಾದ ರಂಧ್ರ ಪಾಪೆಯ ಕೆಲಸವನ್ನು ತಾನೇ ವಹಿಸಿಕೊಂಡು ಮಸುಕನ್ನು ಕತ್ತರಿಸುತ್ತದೆ. ಪ್ಯಾರಿಸ್‌ನಲ್ಲಿ ಏರ್ ಪಿಸ್ತೂಲ್ ಬೆಳ್ಳಿ ಗೆದ್ದ ದಕ್ಷಿಣ ಕೊರಿಯಾದ ಕಿಮ್ ಯೆ-ಜಿ ಅವರ ಮುಖದ ಮೇಲೆ ಇದ್ದ, ಸಿನಿಮಾದ ಯಂತ್ರಮಾನವರನ್ನು ನೆನಪಿಸುವ ಸಾಧನದಲ್ಲಿ ಇದ್ದದ್ದು ಈ ಎರಡೇ: ಒಂದು ಕಣ್ಣಿಗೆ ಮರೆ, ಇನ್ನೊಂದಕ್ಕೆ ಹಿಗ್ಗಿಸಿ ಕುಗ್ಗಿಸಬಹುದಾದ ರಂಧ್ರ. ಖರ್ಚು ಮಾಡುವ ಮುನ್ನ ಪರೀಕ್ಷಿಸಬೇಕೆಂದರೆ ಕಪ್ಪು ಇನ್ಸುಲೇಷನ್ ಟೇಪಿನ ತುಂಡಿನಲ್ಲಿ ಒಂದೂವರೆ ಮಿಲಿಮೀಟರಿನ ತೂತು ಮಾಡಿ, ಗುರಿಯಿಡುವಾಗ ನೋಟ ಹಾಯುವ ಜಾಗಕ್ಕೆ ಕನ್ನಡಕದ ಮೇಲೆ ಅಂಟಿಸಿ ನೋಡಿ.

ತೂತು ಕಿರಿದಾದಷ್ಟೂ ಒಳ್ಳೆಯದೇ? ಇಲ್ಲ. ನಾಲ್ಕು ಮಿಲಿಮೀಟರಿನ ಪಾಪೆಯ ಮುಂದೆ ಒಂದು ಮಿಲಿಮೀಟರಿನ ತೂತು ಇಟ್ಟರೆ ಬೆಳಕು ಹದಿನಾರನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಅಷ್ಟು ಸಣ್ಣ ತೂತಿನಲ್ಲಿ ಬೆಳಕಿನ ಅಲೆ ತಾನೇ ಬಾಗಿ ಹೊಸದೊಂದು ಮಸುಕನ್ನು ಹುಟ್ಟಿಸುತ್ತದೆ. ವಯಸ್ಸಾದ ಕಣ್ಣಿಗೆ ಬೆಳಕು ಮೊದಲೇ ಕಡಿಮೆ: ಅರವತ್ತರ ವ್ಯಕ್ತಿಯ ಅಕ್ಷಿಪಟಕ್ಕೆ ತಲುಪುವುದು ಇಪ್ಪತ್ತರವರಿಗೆ ತಲುಪುವುದರ ಸುಮಾರು ಮೂರನೆಯ ಒಂದು ಭಾಗ. ಅಗಲವಾಗಿ ತೆರೆದ ಐರಿಸ್‌ನಿಂದ ಶುರುಮಾಡಿ, ಕಡ್ಡಿಯ ಅಂಚು ಚೂಪಾಗುವವರೆಗೆ ಮಾತ್ರ ಕುಗ್ಗಿಸಿ ನಿಲ್ಲಿಸಿ.

ಇದೆಲ್ಲಕ್ಕಿಂತ ಅಗ್ಗದ ಉಪಾಯ ದೀಪ ಹೆಚ್ಚಿಸುವುದು. ಬೆಳಕು ಹೆಚ್ಚಿದರೆ ಪಾಪೆ ತಾನಾಗಿ ಕುಗ್ಗುತ್ತದೆ. ಅಂತರರಾಷ್ಟ್ರೀಯ ನಿಯಮದಂತೆ 10 ಮೀಟರ್ ರೇಂಜಿನಲ್ಲಿ ಫಲಕದ ಮೇಲೆ ಕನಿಷ್ಠ 1500 ಲಕ್ಸ್ ಬೆಳಕಿರಬೇಕು. ಮನೆಯ ಓಣಿಯಂಥ ಜಾಗದಲ್ಲಿ ಒಂದೇ ಟ್ಯೂಬ್‌ಲೈಟಿನ ಕೆಳಗೆ ಅಭ್ಯಾಸ ಮಾಡುವವರಿಗೆ ಅದರ ಕಾಲುಭಾಗವೂ ಸಿಕ್ಕಿರಲಾರದು. ಕಣ್ಣು ಹಾಳಾಯಿತೆಂದು ಕೊರಗುವ ಮೊದಲು ಫಲಕದ ಮೇಲೊಂದು, ನಿಲ್ಲುವ ಜಾಗದ ಮೇಲೊಂದು ಎಲ್‌ಇಡಿ ಹಾಕಿ ನೋಡುವುದು ಒಳಿತು.

ಪಿಸ್ತೂಲಿನ ಮೇಲೂ ಮಾಡಬಹುದಾದ್ದು ಇದೆ. ರಿಯರ್ ಸೈಟಿನ ಕಚ್ಚನ್ನು ಒಂದಿಷ್ಟು ಅಗಲಿಸಿದರೆ ಅಥವಾ ಕಡ್ಡಿಯನ್ನು ಕಿರಿದು ಮಾಡಿದರೆ ಎಡಬಲದ ಬೆಳಕಿನ ಗೆರೆಗಳು ದಪ್ಪವಾಗುತ್ತವೆ. ಹಿರಿಯ ಕಣ್ಣಿಗೆ ದಪ್ಪ ಗೆರೆಗಳನ್ನು ಹೋಲಿಸುವುದೇ ಸುಲಭ. ಕಡ್ಡಿಯ ಬಣ್ಣ ಸವೆದು ಹೊಳೆಯುತ್ತಿದ್ದರೆ ಆ ಹೊಳಪೇ ಅಂಚನ್ನು ಕೆಡಿಸುತ್ತದೆ. ಹಳಬರು ಕರ್ಪೂರ ಉರಿಸಿ ಅದರ ಮಸಿಯನ್ನು ಸೈಟಿಗೆ ಹಿಡಿಸುತ್ತಿದ್ದರು, ಅಷ್ಟು ಗಾಢವಾದ, ಹೊಳಪಿಲ್ಲದ ಕಪ್ಪು ಈಗಿನ ಸ್ಪ್ರೇಗಳಲ್ಲೂ ಸುಲಭಕ್ಕೆ ಸಿಗುವುದಿಲ್ಲ. ಸೈಟನ್ನು ಬಿಚ್ಚಿ, ಗ್ಯಾಸ್ ಸಿಲಿಂಡರ್ ಇರುವ ಪಿಸ್ತೂಲಿನಿಂದ ದೂರ ಕೊಂಡೊಯ್ದು ಮಾಡಬೇಕಾದ ಕೆಲಸ ಇದು.

ಅಭ್ಯಾಸದ ವಿಷಯದಲ್ಲಿ ಒಂದೇ ಮಾತು: ಬಿಳಿ ಗೋಡೆ. ಖಾಲಿ ಪಿಸ್ತೂಲಿನಿಂದ, ಫಲಕವೇ ಇಲ್ಲದ ಗೋಡೆಯ ಮುಂದೆ ಟ್ರಿಗರ್ ಎಳೆಯುವ ಅಭ್ಯಾಸ ಮಾಡಿದರೆ ನೋಟ ಫಲಕಕ್ಕೆ ಓಡಿಹೋಗುವ ಚಟ ಬಿಡುತ್ತದೆ. ಏಳೆಂಟು ಸೆಕೆಂಡಿನೊಳಗೆ ಹೊಡೆತ ಹೊರಡದಿದ್ದರೆ ಕೈ ಇಳಿಸಿಬಿಡಿ. ರೆಪ್ಪೆ ಮಿಟುಕಿಸದೆ ದಿಟ್ಟಿಸುತ್ತ ನಿಂತರೆ ಕಣ್ಣಿನ ಮೇಲಿನ ನೀರಿನ ಪೊರೆ ಒಣಗಿ ಬಿಂಬ ಮಾಸುತ್ತದೆ, ಹವಾನಿಯಂತ್ರಿತ ಸಭಾಂಗಣದಲ್ಲಂತೂ ಇನ್ನೂ ಬೇಗ.

ಕೆಂಪು ಚುಕ್ಕಿಯ ಸೈಟಿನ ಬಗ್ಗೆ ಕೇಳುವವರಿದ್ದಾರೆ. ಒಲಿಂಪಿಕ್ ಬಗೆಯ ಸ್ಪರ್ಧೆಗಳಲ್ಲಿ ಅದು ನಿಷಿದ್ಧ. ಅವಕಾಶವಿರುವ ಕಡೆ, ಉದಾಹರಣೆಗೆ ಅಮೆರಿಕದ ಬುಲ್ಸ್‌ಐ ಸ್ಪರ್ಧೆಗಳಲ್ಲಿ, ಹಿರಿಯ ಶೂಟರ್‌ಗಳಿಗೆ ಅದು ವರದಾನ. ಚುಕ್ಕಿಯ ಬಿಂಬ ಬಹುದೂರದಲ್ಲಿರುವಂತೆ ಕಾಣುವುದರಿಂದ ದೂರದ ಕನ್ನಡಕ ಒಂದೇ ಸಾಕು, ಮೂರು ದೂರಗಳ ಜಗಳವೇ ಇಲ್ಲ. ಚುಕ್ಕಿ ದುಂಡಗಿರದೆ ಬಾಲವಿರುವ ಧೂಮಕೇತುವಿನಂತೆ ಕಂಡರೆ ಮೊಬೈಲ್ ಕ್ಯಾಮೆರಾದಲ್ಲಿ ಅದರ ಫೋಟೋ ತೆಗೆಯಿರಿ. ಫೋಟೋದಲ್ಲಿ ದುಂಡಗಿದ್ದರೆ ಬಾಲ ಬಂದಿರುವುದು ನಿಮ್ಮ ಕಣ್ಣಿನ ಸಿಲಿಂಡರಿನಿಂದ.

ವಯಸ್ಸು ಅಡ್ಡಿಯೇ ಎಂಬ ಪ್ರಶ್ನೆಗೆ ಈ ಕ್ರೀಡೆಯ ದಾಖಲೆಗಳೇ ಉತ್ತರ ಕೊಡುತ್ತವೆ. ಲಾಟ್ವಿಯಾದ ಅಫನಾಸಿಸ್ ಕುಜ್ಮಿನ್ಸ್ 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ 25 ಮೀಟರ್ ರ‍್ಯಾಪಿಡ್ ಫೈರ್ ಪಿಸ್ತೂಲಿಗೆ ಇಳಿದಾಗ ಅವರಿಗೆ 65. ಜಾರ್ಜಿಯಾದ ನಿನೊ ಸಲುಕ್‌ವಾಡ್ಜೆ 1988ರಿಂದ 2024ರವರೆಗೆ ಹತ್ತು ಒಲಿಂಪಿಕ್ಸ್‌ಗಳಲ್ಲಿ ಭಾಗವಹಿಸಿದರು. 2016ರಲ್ಲಿ ರಿಯೊದಲ್ಲಿ ಮಗನೂ ಅವರ ಜೊತೆ ಸ್ಪರ್ಧಿಸಿದ. ಬೆಂಗಳೂರಿನ ಪ್ರಕಾಶ್ ನಂಜಪ್ಪ ಅದೇ ರಿಯೊದಲ್ಲಿ 50 ಮೀಟರ್ ಪಿಸ್ತೂಲ್ ಹಿಡಿದದ್ದು ನಲವತ್ತರ ವಯಸ್ಸಿನಲ್ಲಿ. ಉತ್ತರಪ್ರದೇಶದ ಬಾಗ್‌ಪತ್ ಜಿಲ್ಲೆಯ ಜೌಹ್ರಿ ಗ್ರಾಮದ ಚಂದ್ರೋ ತೋಮರ್ ಅಜ್ಜಿ ಪಿಸ್ತೂಲನ್ನು ಮೊದಲ ಸಲ ಕೈಗೆತ್ತಿಕೊಂಡದ್ದೇ ಅರವತ್ತು ದಾಟಿದ ಮೇಲೆ, 1999ರಲ್ಲಿ, ಮೊಮ್ಮಗಳನ್ನು ರೇಂಜಿಗೆ ಕರೆದುಕೊಂಡು ಹೋದಾಗ.

ಕನ್ನಡಕಕ್ಕೆ ಬಗ್ಗದ ತೊಂದರೆಗಳು

ಸಕ್ಕರೆ ಕಾಯಿಲೆ ಇರುವವರಲ್ಲಿ ರಕ್ತದ ಸಕ್ಕರೆ ಏರಿಳಿದಂತೆ ಮಸೂರದ ಬಲವೂ ಏರಿಳಿಯುತ್ತದೆ. ಈ ವಾರ ಮಾಡಿಸಿದ ಗಾಜು ಮುಂದಿನ ತಿಂಗಳು ಸುಳ್ಳಾಗಬಹುದು. ಸಕ್ಕರೆ ಕೆಲವು ವಾರ ಹತೋಟಿಯಲ್ಲಿದ್ದ ಮೇಲೆಯೇ ನಂಬರ್ ನೋಡಿಸಿ. ನೇರವಾದ ಕಡ್ಡಿ ಬಾಗಿದಂತೆ, ಮುರಿದಂತೆ ಕಂಡರೆ, ನಡುವೆ ಕಪ್ಪು ಕಲೆ ನಿಂತರೆ, ಅದು ಅಕ್ಷಿಪಟದ ತೊಂದರೆಯಿರಬಹುದು. ತಡಮಾಡದೆ ಕಣ್ಣಿನ ವೈದ್ಯರ ಬಳಿ ಹೋಗಬೇಕು.

ಎಲ್ಲಕ್ಕಿಂತ ಮೋಸದ್ದು ಇದ್ದಕ್ಕಿದ್ದಂತೆ ಕಣ್ಣು ಸುಧಾರಿಸುವುದು. ಅರವತ್ತೈದರಲ್ಲಿ ಕನ್ನಡಕವಿಲ್ಲದೆ ಪೇಪರ್ ಓದತೊಡಗಿದ ತಾತಂದಿರನ್ನು ನೀವೂ ನೋಡಿರಬಹುದು. ಪೊರೆ ಮೂಡುವಾಗ ಮಸೂರದ ತಿರುಳು ದಟ್ಟವಾಗಿ ಕಣ್ಣು ಮೈನಸ್ ಕಡೆಗೆ ವಾಲುವುದರಿಂದ ಹೀಗಾಗುತ್ತದೆ. ಶೂಟರ್‌ಗೆ ಫ್ರಂಟ್ ಸೈಟ್ ತಾನಾಗಿಯೇ ಸ್ಪಷ್ಟವಾಗುತ್ತದೆ, ಕೆಲವು ತಿಂಗಳು ಅಂಕಗಳೂ ಏರುತ್ತವೆ, ಆಮೇಲೆ ಫಲಕದ ಬಿಳಿ ಹಳದಿಗಟ್ಟಿ ಕಪ್ಪಿನೊಂದಿಗೆ ಬೆರೆಯುತ್ತದೆ.

ಪೊರೆ ತೆಗೆಸುವ ದಿನ ಬಂದಾಗ ಯಾವ ಕಣ್ಣಿನಿಂದ ಗುರಿಯಿಡುತ್ತೀರಿ ಎಂಬುದನ್ನು ಶಸ್ತ್ರಚಿಕಿತ್ಸೆಗೆ ಮೊದಲೇ ವೈದ್ಯರಿಗೆ ಹೇಳಿ. ಆ ಕಣ್ಣಿಗೆ ಒಂದೇ ಫೋಕಸ್ಸಿನ ಮಸೂರವೇ ವಾಸಿ ಎಂಬುದು ನನ್ನ ಅಭಿಪ್ರಾಯ. ಹಲವು ದೂರಗಳನ್ನು ತೋರಿಸುವ ದುಬಾರಿ ಮಸೂರಗಳು ಬೆಳಕನ್ನು ಹಂಚಿಬಿಡುತ್ತವೆ. ಇದರಿಂದ ಕಪ್ಪು ಬಿಳುಪಿನ ಅಂತರ ಕುಗ್ಗುತ್ತದೆ, ದೀಪಗಳ ಸುತ್ತ ಪ್ರಭೆ ಮೂಡುತ್ತದೆ. ಪೇಪರ್ ಓದಲು ಅದು ನಡೆದೀತು, ಕಡ್ಡಿಯ ಅಂಚು ನೋಡಲು ನಡೆಯದು. ಗಾಯ ಮಾಗಿ ನಂಬರ್ ಸ್ಥಿರವಾಗಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು, ಅಲ್ಲಿಯವರೆಗೆ ಹೊಸ ಗಾಜಿಗೆ ದುಡ್ಡು ಸುರಿಯಬೇಡಿ. ಹೊಸ ಮಸೂರ ಉಬ್ಬುವುದೂ ಇಲ್ಲ, ದಣಿಯುವುದೂ ಇಲ್ಲ. ಹಾಗಾಗಿ ವೈದ್ಯರು ಕೊಟ್ಟ ದೂರದ ನಂಬರಿಗೆ ಅರ್ಧ ಡಯಾಪ್ಟರ್ ಸೇರಿಸಿ ಬರೆಸಿಕೊಂಡ ಗಾಜು ಮೊದಲ ಹೊಡೆತಕ್ಕೆ ಹೇಗೋ ಅರವತ್ತನೆಯದಕ್ಕೂ ಹಾಗೆಯೇ ಇರುತ್ತದೆ.